ಅಕ್ಷರ ಒಡೆಯದಂತೆ ಚಲನೆ: ವಿದ್ಯಾರ್ಥಿ ಚಿತ್ರದ ಟ್ರೇಲರ್‌ಗೆ ಕನ್ನಡ ಟೈಟಲ್ ಮಾಡುವ ಬಗೆ

ಹಾಸನದ ಕಾಲೇಜು ವಿದ್ಯಾರ್ಥಿಗಳು ಮಾಡುವ ಕಿರುಚಿತ್ರಗಳ ಸಂಕಲನಕ್ಕೆ ನೆರವಾಗುತ್ತಾ ಕೆಲವು ವರ್ಷಗಳಾದವು. ಕಥೆಗೆ ತಿಂಗಳುಗಟ್ಟಲೆ ದುಡಿಯುವ, ಒಂದು ದೃಶ್ಯಕ್ಕಾಗಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸಕಲೇಶಪುರದ ಮಂಜಿನೊಳಗೆ ಕ್ಯಾಮೆರಾ ಹೊತ್ತುಕೊಂಡು ಹೋಗುವ ಹುಡುಗ ಹುಡುಗಿಯರು ಟ್ರೇಲರ್‌ನ ಟೈಟಲ್ ವಿಷಯಕ್ಕೆ ಬಂದಾಗ ಮಾತ್ರ ಕೊನೆಯ ರಾತ್ರಿಯವರೆಗೆ ಕಾಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆಗ ಅವರ ಕೈಗೆ ಸಿಗುವುದು ಇಂಗ್ಲಿಷ್ ಅಕ್ಷರಗಳಿಗಾಗಿ ಯಾರೋ ಸಿದ್ಧಪಡಿಸಿದ ಟೆಂಪ್ಲೇಟ್. ಅದರಲ್ಲಿ ಕನ್ನಡವನ್ನು ಟೈಪ್ ಮಾಡಿದ ಕೂಡಲೇ ಒತ್ತಕ್ಷರ ಒಂದು ಕಡೆ, ದೀರ್ಘದ ಚಿಹ್ನೆ ಇನ್ನೊಂದು ಕಡೆ ಹಾರಿಹೋಗಿ, ಚಿತ್ರದ ಹೆಸರೇ ಓದಲಾಗದಂತಾಗುತ್ತದೆ.

ಇದಕ್ಕೆ ಕಾರಣ ವಿದ್ಯಾರ್ಥಿಗಳ ಅಜ್ಞಾನವಲ್ಲ. ಬಹುತೇಕ ಟೈಟಲ್ ಉಪಕರಣಗಳು ಪಠ್ಯವನ್ನು ಸಂಕೇತಗಳ ಸಾಲಾಗಿ ಎಣಿಸುತ್ತವೆ. ಕನ್ನಡ ಓದುಗನ ಕಣ್ಣಾದರೋ ಅಕ್ಷರಗಳನ್ನು ಎಣಿಸುತ್ತದೆ. 'ಹಿನ್ನೀರು' ಎಂಬ ಪದವನ್ನೇ ತೆಗೆದುಕೊಳ್ಳಿ. ನಮಗೆ ಅದು ಹಿ, ನ್ನೀ, ರು ಎಂಬ 3 ಅಕ್ಷರಗಳ ಪದ. ಎಲ್ಲ ಭಾಷೆಗಳ ಬರಹವನ್ನೂ ಕಂಪ್ಯೂಟರ್‌ನಲ್ಲಿ ಉಳಿಸುವ ಯೂನಿಕೋಡ್ ಕ್ರಮದಲ್ಲಿ ಅದೇ ಪದ 8 ಸಂಕೇತಗಳಾಗಿ ಶೇಖರವಾಗಿರುತ್ತದೆ: ಹ, ಗುಡಿಸು, ನ, ಹಲಂತ, ಮತ್ತೊಂದು ನ, ದೀರ್ಘದ ಗುಡಿಸು, ರ, ಕೊಂಬು. 'ಒಂದೊಂದೇ ಅಕ್ಷರ ಬರಲಿ' ಎಂದು ನೀವು ಆಜ್ಞೆ ಕೊಟ್ಟಾಗ ತಂತ್ರಾಂಶವು ಆ 8 ತುಂಡುಗಳನ್ನು ಒಂದೊಂದಾಗಿ ತಂದರೆ, ನಡುವಿನ ನ್ನೀ ಎಂಬ ಅಕ್ಷರ ಪರದೆಯ ಮೇಲೆ ನಾಲ್ಕು ಹಂತಗಳಲ್ಲಿ ರೂಪ ಬದಲಿಸುತ್ತಾ ಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೇಳುವ ಎಲ್ಲ ಹಂತಗಳ ಹಿಂದಿರುವುದು ಒಂದೇ ನಿಯಮ: ಕನ್ನಡ ಟೈಟಲ್‌ನಲ್ಲಿ ಚಲಿಸುವ ಅತಿ ಚಿಕ್ಕ ಘಟಕ ಪೂರ್ಣಾಕ್ಷರ. ಒತ್ತು, ದೀರ್ಘ, ಅರ್ಕಾವೊತ್ತುಗಳು ತಮ್ಮ ಅಕ್ಷರವನ್ನು ಬಿಟ್ಟು ಎಂದೂ ಒಂಟಿಯಾಗಿ ಕದಲಬಾರದು.

ವಿವರಣೆಗಾಗಿ ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ, ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಇದೆ. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ಆ ಕಟ್ಟಡ ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಬಹುಪಾಲು ಮುಳುಗಿ, ಬೇಸಿಗೆಯಲ್ಲಿ ನೀರು ಇಳಿದಂತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮುಳುಗಡೆಯಾದ ಊರಿನ ಕುಟುಂಬವೊಂದರ ಕಥೆಯನ್ನು ನಿಮ್ಮ ತಂಡ 20 ನಿಮಿಷದ ಚಿತ್ರವಾಗಿ ಮಾಡಿದೆ, ಅದಕ್ಕೆ 'ಹಿನ್ನೀರು' ಎಂದು ಹೆಸರಿಟ್ಟಿದೆ, ಈಗ 75 ಸೆಕೆಂಡಿನ ಟ್ರೇಲರ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ.

ಮಾತು ಮೊದಲು, ಚಲನೆ ಆಮೇಲೆ

ಕಂಪ್ಯೂಟರ್ ತೆರೆಯುವ ಮುನ್ನ ಟ್ರೇಲರ್‌ನಲ್ಲಿ ಬರುವ ಪ್ರತಿಯೊಂದು ಪದವನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. ಸಾಮಾನ್ಯವಾಗಿ ಅದರಲ್ಲಿ ಕಾಲೇಜು ಅಥವಾ ವಿಭಾಗದ ಹೆಸರು, ಕಥೆಯ ಸುಳಿವು ಕೊಡುವ ಎರಡು ಮೂರು ಸಾಲುಗಳು, ಚಿತ್ರದ ಹೆಸರು, ತಂಡದವರ ಹೆಸರುಗಳು ಮತ್ತು ಪ್ರದರ್ಶನದ ದಿನ, ಸ್ಥಳ ಇರುತ್ತವೆ. 75 ಸೆಕೆಂಡಿನಲ್ಲಿ ಇದಕ್ಕಿಂತ ಹೆಚ್ಚು ಬರಹವನ್ನು ತುರುಕಿದರೆ ನೋಡುಗನು ಚಿತ್ರ ನೋಡುವುದನ್ನು ಬಿಟ್ಟು ಓದುತ್ತಾ ಕುಳಿತುಕೊಳ್ಳಬೇಕಾಗುತ್ತದೆ.

ಸುಳಿವಿನ ಸಾಲುಗಳನ್ನು ಕನ್ನಡದಲ್ಲಿಯೇ ಯೋಚಿಸಿ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬೇರೆ ಭಾಷೆಯ ಟ್ರೇಲರ್‌ಗಳ ಸಾಲುಗಳನ್ನು ಅನುವಾದಿಸಿದರೆ ಅವು ಉದ್ದವಾಗುತ್ತವೆ, ಬಿಗಿ ಕಳೆದುಕೊಳ್ಳುತ್ತವೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಏನು ನಡೆಯಿತೆಂಬುದು ವಾಕ್ಯ ಮುಗಿಯುವವರೆಗೆ ತಿಳಿಯುವುದಿಲ್ಲ. ಟ್ರೇಲರ್‌ಗೆ ಇದಕ್ಕಿಂತ ಅನುಕೂಲವಾದ ವಾಕ್ಯರಚನೆ ಬೇಕೆ? 'ನೀರು ಇಳಿದಾಗ' ಎಂದು ಒಂದು ಕಡೆ ನಿಲ್ಲಿಸಿ, ನಡುವೆ ಅಜ್ಜಿಯ ಮುಖವನ್ನೋ ಬಿರುಕುಬಿಟ್ಟ ಕೆಸರಿನ ದಡವನ್ನೋ ತೋರಿಸಿ, ನಂತರ 'ಮನೆ ಕಾಣಿಸಿತು' ಎಂದು ಬರೆಯಿರಿ. ಎರಡೇ ಎರಡು ಪದಗಳ ಇಂತಹ ತುಂಡುಗಳು ಪರದೆಯ ಮೇಲೆ ದೊಡ್ಡದಾಗಿ ನಿಲ್ಲುತ್ತವೆ. 'ಮುಳುಗಿಹೋಗಿದ್ದ ಊರೊಂದರ ನೆನಪುಗಳಿಗಾಗಿ ಹಂಬಲಿಸುತ್ತಿರುವವರ' ಎಂಬಂತಹ ಸಾಲನ್ನು ಎಷ್ಟು ಸೊಗಸಾದ ಚಲನೆಯೂ ಕಾಪಾಡಲಾರದು.

ಹೆಸರುಗಳ ವಿಷಯದಲ್ಲಿ ತಂಡದ ಪ್ರತಿಯೊಬ್ಬರಿಂದಲೂ ತಮ್ಮ ಹೆಸರನ್ನು ಕನ್ನಡದಲ್ಲಿ ಅವರ ಕೈಯಿಂದಲೇ ಬರೆಸಿಕೊಳ್ಳಿ. 'ಕಾರ್ತಿಕ್' ಎಂದು ಬರೆಯುವವರೂ 'ಕಾರ್ತೀಕ್' ಎಂದು ಬರೆಯುವವರೂ ಒಂದೇ ತರಗತಿಯಲ್ಲಿ ಇರುತ್ತಾರೆ. ಛಾಯಾಗ್ರಹಣ, ಸಂಭಾಷಣೆ, ನಿರ್ದೇಶನ, ಸಂಕಲನ ಎಂಬ ಪದಗಳನ್ನು ನಿಘಂಟು ನೋಡಿ ಖಚಿತಪಡಿಸಿಕೊಳ್ಳಿ. ನೆರವಾದವರಿಗೆ 'ಕೃತಜ್ಞತೆ' ಹೇಳುವಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಟೈಪ್ ಮಾಡುವಾಗ ಜ್ಞ ಹೋಗಿ ಘ್ನ ಬಂದರೆ 'ಕೃತಘ್ನತೆ' ಆಗುತ್ತದೆ, ಅಂದರೆ ಉಪಕಾರವನ್ನು ಮರೆಯುವ ಗುಣ. ಶೂಟಿಂಗ್‌ಗೆ ಮನೆ ಬಿಟ್ಟುಕೊಟ್ಟು ಊಟ ಹಾಕಿದವರ ಹೆಸರಿನ ಮೇಲೆ ಆ ಪದ ಬರಬಾರದು. ಈ ಹಾಳೆಯನ್ನು ಒಬ್ಬ ಕನ್ನಡ ಅಧ್ಯಾಪಕರಿಗೆ ತೋರಿಸಿ, ಅವರ ಒಪ್ಪಿಗೆ ಪಡೆದ ಮೇಲೆಯೇ ಮುಂದಿನ ಹಂತಕ್ಕೆ ಹೋಗಿ, ಏಕೆಂದರೆ ಮುಂದೆ ಅಕ್ಷರಗಳು ಚಿತ್ರಗಳಾಗಿ ಬದಲಾಗುತ್ತವೆ ಮತ್ತು ಒಂದು ದೀರ್ಘವನ್ನು ತಿದ್ದಲು ಅರ್ಧ ದಿನದ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.

ಫಾಂಟ್‌ನ ಆಯ್ಕೆ

ಯೂನಿಕೋಡ್ ಫಾಂಟ್‌ಗಳನ್ನು ಮಾತ್ರ ಬಳಸಿ. ಕಾಲೇಜು ಕಚೇರಿಯಿಂದಲೋ ಹಳೆಯ ಮುದ್ರಣಾಲಯದಿಂದಲೋ ಬಂದ ಪಠ್ಯ 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಕ್ರಮದಲ್ಲಿದ್ದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆಸ್ಕಿ ಕ್ರಮದಲ್ಲಿ ಕನ್ನಡದ ರೂಪಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಆ ನಿರ್ದಿಷ್ಟ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಕಡತವನ್ನು ತೆರೆದಾಗ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ಕಾಣುತ್ತವೆ. ಒಮ್ಮೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಟೈಟಲ್‌ಗಳನ್ನು ರೆಂಡರ್ ಮಾಡದೆ, ಅಂದರೆ ಸಿದ್ಧ ವಿಡಿಯೋ ಕಡತವಾಗಿಸದೆ, ಬರೀ ಪ್ರಾಜೆಕ್ಟ್ ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಪ್ರದರ್ಶನದ ಸ್ಥಳಕ್ಕೆ ಹೋಗಿದ್ದೆ. ಅಲ್ಲಿನ ಕಂಪ್ಯೂಟರ್‌ನಲ್ಲಿ ಮುಖ್ಯ ಅತಿಥಿಯ ಹೆಸರು ಅಂತಹ ಚಿಹ್ನೆಗಳ ಸಾಲಾಗಿ ಬಂದಿತು. ತಪ್ಪು ನನ್ನದೇ ಆಗಿತ್ತು, ಆ ತಂಡದ ಹುಡುಗರು ತಲೆ ತಗ್ಗಿಸಿ ನಿಂತಿದ್ದು ಇಂದಿಗೂ ನೆನಪಿದೆ.

ಉಚಿತವಾಗಿ ದೊರೆಯುವ, ಮುಕ್ತ ಪರವಾನಗಿಯ ಕನ್ನಡ ಫಾಂಟ್‌ಗಳು ಈಗ ಸಾಕಷ್ಟಿವೆ. ನೋಟೋ ಸಾನ್ಸ್ ಕನ್ನಡ ಮತ್ತು ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ಟಿರೋ ಕನ್ನಡ ಇವೆಲ್ಲವನ್ನೂ ಚಿತ್ರದಲ್ಲಿ ಬಳಸಲು ಯಾರಿಗೂ ಹಣ ಕೊಡಬೇಕಾಗಿಲ್ಲ. ನನ್ನ ಅಭಿಪ್ರಾಯದಲ್ಲಿ ತಂಡದವರ ಹೆಸರುಗಳಂತಹ ಚಿಕ್ಕ ಬರಹಕ್ಕೆ ನೋಟೋ ಸಾನ್ಸ್ ಅಥವಾ ಅನೇಕ್ ಯೋಗ್ಯ. 'ಹಿನ್ನೀರು' ಎಂಬಂತಹ ಗಂಭೀರ ಹೆಸರಿಗೆ ಪುಸ್ತಕದ ಅಕ್ಷರಗಳ ಗುಣವಿರುವ ಟಿರೋ ಹೊಂದುತ್ತದೆ. ಬಾಲೂ ತಮ್ಮದ ದುಂಡನೆಯ ದಪ್ಪ ಅಕ್ಷರಗಳು ಹಾಸ್ಯದ ಅಥವಾ ಮಕ್ಕಳ ಚಿತ್ರಕ್ಕೆ ಒಪ್ಪುತ್ತವೆ. ಚಿಕ್ಕ ಗಾತ್ರದಲ್ಲಿ ತೆಳು ತೂಕದ, ಅಂದರೆ ಗೆರೆ ತೆಳ್ಳಗಿರುವ ಫಾಂಟ್ ಬೇಡ. ಒತ್ತಕ್ಷರಗಳು ಮೇಲಿನ ಅಕ್ಷರಕ್ಕಿಂತ ಬಹಳ ಸಣ್ಣವಾಗಿರುವುದರಿಂದ ಅವುಗಳ ಗೆರೆ ಮೊದಲೇ ಸೂಕ್ಷ್ಮ. ತೆಳು ತೂಕದಲ್ಲಿ ಅವು ಪ್ರೊಜೆಕ್ಟರ್‌ನ ಬೆಳಕಿನಲ್ಲಿ ಕರಗಿಹೋಗುತ್ತವೆ.

ಚಿತ್ರದ ಹೆಸರನ್ನು ಕೈಯಲ್ಲೇ ಬರೆಯುವುದು ಇವೆಲ್ಲಕ್ಕಿಂತ ಉತ್ತಮವೆಂದು ನಾನು ನಂಬುತ್ತೇನೆ. ಊರಿನಲ್ಲಿ ಅಂಗಡಿ ಬೋರ್ಡ್ ಬರೆಯುವ ಕಲಾವಿದರೊಬ್ಬರು ಇನ್ನೂ ಕುಂಚ ಹಿಡಿಯುತ್ತಿದ್ದರೆ ಅವರಿಗೆ ಸಂಭಾವನೆ ಕೊಟ್ಟು, ಬಿಳಿಯ ಹಾಳೆಯ ಮೇಲೆ ಕಪ್ಪು ಬಣ್ಣದಲ್ಲಿ ಹೆಸರನ್ನು ಬರೆಸಿ, ನೆರಳು ಬೀಳದ ಹಗಲಿನ ಬೆಳಕಿನಲ್ಲಿ ನೇರವಾಗಿ ಮೇಲಿನಿಂದ ಫೋಟೋ ತೆಗೆಯಿರಿ. ರೇಖಾಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನ 'ಟ್ರೇಸ್ ಬಿಟ್‌ಮ್ಯಾಪ್' ಎಂಬ ಸೌಲಭ್ಯ ಆ ಫೋಟೋವನ್ನು ಸ್ವಚ್ಛವಾದ ರೇಖಾರೂಪಕ್ಕೆ ತಿರುಗಿಸುತ್ತದೆ. ನಮ್ಮ ಜಿಲ್ಲೆಯವರಿಗೆ ಸಹಜವಾಗಿಯೇ ಶಾಸನದ ಅಕ್ಷರಗಳ ಮೇಲೆ ಮನಸ್ಸು ಹೋಗುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಶಾಸನದ ಲಿಪಿಯನ್ನೇ ಟೈಟಲ್‌ಗೆ ಬಳಸಬೇಕೆಂದು ಕೇಳಿದ ತಂಡಗಳಿವೆ. ಆದರೆ ಆ ಲಿಪಿಯನ್ನು ಇಂದಿನ ನೋಡುಗ ಓದಲಾರ. ಕಲ್ಲಿನ ಒರಟು ಮೈಯನ್ನು, ಉಳಿಯ ಗುರುತನ್ನು ಅಲ್ಲಿಂದ ತೆಗೆದುಕೊಳ್ಳಿ. ಅಕ್ಷರದ ಆಕಾರ ಮಾತ್ರ ಇಂದಿನದಾಗಿರಲಿ.

ತಂತ್ರಾಂಶವನ್ನು ಒಂದು ಸಾಲಿನಿಂದ ಪರೀಕ್ಷಿಸುವುದು

ನೀವು ಯಾವ ತಂತ್ರಾಂಶವನ್ನೇ ಬಳಸಿದರೂ ಮೊದಲು ಅದರಲ್ಲಿ ಈ ಸಾಲನ್ನು ಟೈಪ್ ಮಾಡಿ: ಸ್ತ್ರೀ, ಲಕ್ಷ್ಮಿ, ಕಾರ್ತಿಕ್, ಜ್ಞಾನ, ಹೃದಯ, ಸಾಫ್ಟ್‌ವೇರ್. ಸ್ತ್ರೀ ಎಂಬಲ್ಲಿ ತ ಮತ್ತು ರ ಎರಡೂ ಒತ್ತಾಗಿ ಸೇರಿರಬೇಕು. ಕಾರ್ತಿಕ್ ಎಂಬಲ್ಲಿ ಅರ್ಕಾವೊತ್ತು ತಿ ಅಕ್ಷರದ ನಂತರ ಬರಬೇಕು. ಸಾಫ್ಟ್‌ವೇರ್‌ನಲ್ಲಿ ವ ಒತ್ತಾಗದೆ ಪೂರ್ಣವಾಗಿ ನಿಲ್ಲಬೇಕು. ಒತ್ತಾಗಿ ಹೋದರೆ ಟ ಮತ್ತು ವಗಳ ನಡುವೆ ಇರಬೇಕಾದ ಅದೃಶ್ಯ ಸಂಕೇತ ಬಿಟ್ಟುಹೋಗಿದೆ ಎಂದರ್ಥ. ಈ ಸಾಲಿನಲ್ಲಿ ಒಂದೇ ಒಂದು ಪದ ಒಡೆದರೂ ಆ ತಂತ್ರಾಂಶದ ಅಕ್ಷರ ಜೋಡಣೆಯನ್ನು ನಂಬಬೇಡಿ.

ಚಲಿಸುವ ಗ್ರಾಫಿಕ್ಸ್ ಮಾಡುವ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶವನ್ನು ಬಳಸುವವರು, ಅದರ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ ಭಾಷೆಗಳ ಪಠ್ಯ ವ್ಯವಸ್ಥೆ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿ, ನಂತರ ಹೊಸ ಪಠ್ಯದ ಲೇಯರ್ (ಪದರ) ರಚಿಸಿ ನೋಡಬೇಕು. ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್‌ನ ಪಠ್ಯ ಸೌಲಭ್ಯ ಒತ್ತಕ್ಷರಗಳನ್ನು ಜೋಡಿಸುವುದಿಲ್ಲ. ಅಲ್ಲಿ ಮೂರು ಆಯಾಮದ ಅಕ್ಷರ ಬೇಕೆಂದರೆ ಬೇರೆಡೆ ಮಾಡಿದ ರೇಖಾಚಿತ್ರವನ್ನು ಎಸ್‌ವಿಜಿ ಕಡತವಾಗಿ ತರಬೇಕು. ಆದರೆ ಇಷ್ಟೆಲ್ಲ ತಂತ್ರಾಂಶಗಳ ಗುಣದೋಷಗಳನ್ನು ನೆನಪಿಡುವ ಅಗತ್ಯವಿಲ್ಲ. ಅಕ್ಷರಗಳನ್ನು ಉಚಿತ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಜೋಡಿಸಿ ಚಿತ್ರಗಳಾಗಿ ಪರಿವರ್ತಿಸಿಕೊಂಡರೆ ಮುಂದಿನ ಯಾವ ತಂತ್ರಾಂಶಕ್ಕೂ ಕನ್ನಡ ತಿಳಿದಿರಬೇಕಾಗಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಾಗಲಿ, ಕೆಡೆನ್‌ಲೈವ್ ಆಗಲಿ, ಮೊಬೈಲ್‌ನಲ್ಲಿರುವ ಸಂಕಲನದ ಆಪ್ ಆಗಲಿ, ಚಿತ್ರವನ್ನು ಚಿತ್ರವಾಗಿಯೇ ತೋರಿಸುತ್ತವೆ. ಹಳೆಯ ಕಂಪ್ಯೂಟರ್‌ಗಳಿರುವ ಲ್ಯಾಬ್‌ನಲ್ಲಿಯೂ ನಡೆಯುವ ವಿಧಾನ ಇದು.

ಇಂಕ್‌ಸ್ಕೇಪ್‌ನಲ್ಲಿ ಅಕ್ಷರಗಳನ್ನು ಬಿಡಿಸುವುದು

ಹೊಸ ಕಡತ ತೆರೆದು ಪುಟದ ಅಳತೆಯನ್ನು ಪಿಕ್ಸೆಲ್‌ಗಳಲ್ಲಿ 1920 ಅಗಲ, 1080 ಎತ್ತರ ಎಂದು ನಿಗದಿಪಡಿಸಿ. ಟೈಟಲ್ ನಿಧಾನವಾಗಿ ದೊಡ್ಡದಾಗುವ ಯೋಜನೆ ನಿಮ್ಮದಾಗಿದ್ದರೆ ಇದರ ಎರಡರಷ್ಟು, ಅಂದರೆ 3840 ಮತ್ತು 2160 ಇಟ್ಟುಕೊಳ್ಳಿ, ಇಲ್ಲವಾದರೆ ಹಿಗ್ಗಿಸಿದಾಗ ಅಂಚುಗಳು ಮಸುಕಾಗುತ್ತವೆ. ನಾಲ್ಕೂ ಬದಿಯಲ್ಲಿ ಶೇಕಡಾ 10ರಷ್ಟು ಜಾಗವನ್ನು ಖಾಲಿ ಬಿಡುವಂತೆ ಮಾರ್ಗದರ್ಶಿ ಗೆರೆಗಳನ್ನು ಎಳೆಯಿರಿ. 1920ರ ಪುಟದಲ್ಲಿ ಅದು ಎಡಬಲಗಳಲ್ಲಿ 192, ಮೇಲೆ ಕೆಳಗೆ 108 ಪಿಕ್ಸೆಲ್ ಆಗುತ್ತದೆ. ಇಂದಿನ ಟಿವಿಗಳಿಗೆ ಇಷ್ಟು ಬೇಕಾಗುವುದಿಲ್ಲವಾದರೂ ಸಭಾಂಗಣಗಳ ಪ್ರೊಜೆಕ್ಟರ್‌ಗಳು ಚಿತ್ರದ ಅಂಚನ್ನು ಪರದೆಯ ಆಚೆಗೆ ಚೆಲ್ಲುವುದು ಸಾಮಾನ್ಯ.

ಈಗ ಹೆಸರನ್ನು ಟೈಪ್ ಮಾಡಿ, ಫಾಂಟ್ ಮತ್ತು ಗಾತ್ರವನ್ನು ನಿರ್ಧರಿಸಿ. ಎರಡು ಸಾಲುಗಳಿದ್ದರೆ ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿನಿಂದ ಆರಂಭಿಸಿ ನೋಡಿ, ಏಕೆಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲಬಾರದು. ಇಂಗ್ಲಿಷ್ ಟೈಟಲ್‌ಗಳಲ್ಲಿ ಅಕ್ಷರಗಳನ್ನು ದೂರ ದೂರ ಹರಡಿ ಗಾಂಭೀರ್ಯ ತರುವ ರೂಢಿಯಿದೆ. ಅದೇ ಅಂತರವನ್ನು ಕನ್ನಡಕ್ಕೆ ಹಾಕಿದರೆ ನೀ ಅಕ್ಷರದ ದೀರ್ಘ ತನ್ನ ಅಕ್ಷರದಿಂದ ಸರಿದು ನಿಲ್ಲಬಹುದು, ಒತ್ತು ಪಕ್ಕಕ್ಕೆ ಜಾರಬಹುದು. ಅಂತರ ಬೇಕೆನಿಸಿದರೆ ಮುಂದೆ ಅಕ್ಷರಗಳನ್ನು ಬಿಡಿಸಿದ ಮೇಲೆ ಪೂರ್ಣಾಕ್ಷರಗಳ ನಡುವೆ ಕೈಯಿಂದಲೇ ಕೊಡಿ.

ಪಠ್ಯ ಸಿದ್ಧವಾದ ಮೇಲೆ ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಏಕೆಂದರೆ ತಿದ್ದಬಹುದಾದ ಪಠ್ಯ ಅದರಲ್ಲಿ ಮಾತ್ರ ಉಳಿಯುತ್ತದೆ. ನಂತರ ಪಾತ್ ಮೆನುವಿನಲ್ಲಿ 'ಆಬ್ಜೆಕ್ಟ್ ಟು ಪಾತ್' ಆರಿಸಿ, ಗುಂಪನ್ನು ಬಿಡಿಸಿ. ಹೆಸರು ಈಗ ಹಲವು ತುಂಡುಗಳಾಗಿರುತ್ತದೆ. ಹಿ ಒಂದು ತುಂಡಾಗಿರಬಹುದು. ನ್ನೀ ಅಕ್ಷರದಲ್ಲಿ ನಿ, ಅದರ ಕೆಳಗಿನ ಒತ್ತು, ಪಕ್ಕದ ದೀರ್ಘ ಎಂದು ಮೂರು ತುಂಡುಗಳಿರಬಹುದು. ಈ ಸಂಖ್ಯೆ ಫಾಂಟ್‌ನಿಂದ ಫಾಂಟ್‌ಗೆ ಬೇರೆಯಾಗುತ್ತದೆ. ಒಂದು ಅಕ್ಷರಕ್ಕೆ ಸೇರಿದ ಎಲ್ಲ ತುಂಡುಗಳನ್ನೂ ಒಟ್ಟಿಗೆ ಆರಿಸಿ ಕಂಟ್ರೋಲ್ ಮತ್ತು ಜಿ ಕೀಲಿಗಳನ್ನು ಒತ್ತಿ ಗುಂಪು ಮಾಡಿ. 'ಬ್ರೇಕ್ ಅಪಾರ್ಟ್' ಎಂಬ ಆಜ್ಞೆಯನ್ನು ಇಲ್ಲಿ ಬಳಸಬೇಡಿ. ಅದು ಅಕ್ಷರದ ಒಳಗಿನ ಖಾಲಿ ಜಾಗವನ್ನೂ ಪ್ರತ್ಯೇಕ ಆಕಾರವಾಗಿಸಿ ಅಕ್ಷರದ ಹೊಟ್ಟೆಯನ್ನು ತುಂಬಿಬಿಡುತ್ತದೆ. ಕೆಲಸ ಮುಗಿದಾಗ 'ಹಿನ್ನೀರು' ಸರಿಯಾಗಿ ಮೂರು ಗುಂಪುಗಳಾಗಿರಬೇಕು. ಒಂದೊಂದು ಗುಂಪನ್ನೂ ಒಂದೊಂದು ಲೇಯರ್‌ಗೆ ಹಾಕಿ.

ಕೊನೆಗೆ ಪ್ರತಿ ಅಕ್ಷರವನ್ನೂ ಪ್ರತ್ಯೇಕ ಪಿಎನ್‌ಜಿ ಚಿತ್ರವಾಗಿ ರಫ್ತು ಮಾಡಿ. ಇಲ್ಲಿ ಒಂದು ಸಣ್ಣ ವಿಷಯ ಬಹಳ ಶ್ರಮವನ್ನು ಉಳಿಸುತ್ತದೆ: ರಫ್ತಿನ ವ್ಯಾಪ್ತಿಯನ್ನು ಅಕ್ಷರದ ಅಳತೆಗೆ ಸೀಮಿತಗೊಳಿಸದೆ ಇಡೀ ಪುಟ ಎಂದು ಇರಿಸಿ, ಉಳಿದ ಲೇಯರ್‌ಗಳನ್ನು ಮರೆಮಾಡಿ. ಹೀಗೆ ಮಾಡಿದಾಗ ಮೂರು ಚಿತ್ರಗಳೂ ಪೂರ್ಣ ಚೌಕಟ್ಟಿನ ಅಳತೆಯಲ್ಲಿದ್ದು, ಅಕ್ಷರ ತನ್ನ ಸ್ಥಾನದಲ್ಲಿಯೂ ಉಳಿದ ಭಾಗ ಪಾರದರ್ಶಕವಾಗಿಯೂ ಇರುತ್ತದೆ. ಸಂಕಲನದಲ್ಲಿ ಒಂದರ ಮೇಲೊಂದು ಇಟ್ಟ ಕೂಡಲೇ ಹೆಸರು ತಾನಾಗಿ ಜೋಡಣೆಯಾಗುತ್ತದೆ. ಇಡೀ ಹೆಸರನ್ನೂ ಒಂದೇ ಚಿತ್ರವಾಗಿ ಇನ್ನೊಂದು ಸಲ ರಫ್ತು ಮಾಡಿ, ಮುಂದೆ ಬೇಕಾಗುತ್ತದೆ.

ಚಲನೆ ಕೊಡುವುದು

ದೃಶ್ಯಗಳನ್ನು ಸಾಲಾಗಿ ಜೋಡಿಸುವ ಸಂಕಲನದ ಟೈಮ್‌ಲೈನ್ ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ) ಎಂಬುದನ್ನು ಶೂಟಿಂಗ್‌ಗೆ ಮುನ್ನವೇ ತೀರ್ಮಾನಿಸಿರುತ್ತೀರಿ. ಇಲ್ಲಿನ ಲೆಕ್ಕವನ್ನು 24 ಫ್ರೇಮ್‌ಗೆ ಕೊಡುತ್ತೇನೆ.

ಎಲ್ಲಕ್ಕಿಂತ ಮೊದಲು ಹೆಸರು ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂದು ನಿಶ್ಚಯಿಸಿ. ಬರಹವನ್ನು ಸಾಮಾನ್ಯ ವೇಗದಲ್ಲಿ ಎರಡು ಸಲ ಗಟ್ಟಿಯಾಗಿ ಓದಲು ಬೇಕಾಗುವಷ್ಟು ಹೊತ್ತು ಅದು ಕದಲದೆ ನಿಲ್ಲಲಿ ಎಂಬುದು ಸಂಕಲನಕಾರರು ಪಾಲಿಸುವ ಹಳೆಯ ಲೆಕ್ಕ. ಟೈಟಲ್ ಮಾಡಿದವರಿಗೆ ಅದು ಬಾಯಿಪಾಠವಾಗಿರುವುದರಿಂದ ಅವರ ಓದಿನ ವೇಗ ಲೆಕ್ಕಕ್ಕೆ ಬಾರದು. ಮನೆಯಲ್ಲಿ ಅಮ್ಮನಿಗೋ ಅಜ್ಜನಿಗೋ ಒಮ್ಮೆ ಮಾತ್ರ ತೋರಿಸಿ, ಏನು ಓದಿದಿರಿ ಎಂದು ಕೇಳಿ. 'ಹಿನ್ನೀರು' ಎಂಬ ಚಿಕ್ಕ ಹೆಸರಿಗೆ ಬರಲು 24 ಫ್ರೇಮ್, ನಿಲ್ಲಲು 60 ಫ್ರೇಮ್, ಮರೆಯಾಗಲು 12 ಫ್ರೇಮ್, ಒಟ್ಟು 96 ಫ್ರೇಮ್ ಅಂದರೆ 4 ಸೆಕೆಂಡು ಕೊಟ್ಟು ಆರಂಭಿಸಬಹುದು.

ಸರಳವಾದ ಚಲನೆ ಹೀಗಿದೆ. ಮೂರು ಅಕ್ಷರಗಳ ಚಿತ್ರಗಳನ್ನು ಮೂರು ವಿಡಿಯೋ ಟ್ರ್ಯಾಕ್‌ಗಳಲ್ಲಿ ಒಂದರ ಮೇಲೊಂದು ಇಡಿ. ಮೊದಲ ಅಕ್ಷರಕ್ಕೆ ಆರಂಭದ ಫ್ರೇಮ್‌ನಲ್ಲಿ ಒಂದು ಕೀಫ್ರೇಮ್, ಅಂದರೆ ಆ ಕ್ಷಣದ ಸ್ಥಾನವನ್ನೂ ರೂಪವನ್ನೂ ದಾಖಲಿಸುವ ಗುರುತನ್ನು ಹಾಕಿ, ಅಕ್ಷರವನ್ನು ತನ್ನ ಸ್ಥಾನದಿಂದ 40 ಪಿಕ್ಸೆಲ್ ಕೆಳಗಿಟ್ಟು ಅಪಾರದರ್ಶಕತೆಯನ್ನು ಸೊನ್ನೆ ಮಾಡಿ. 14ನೇ ಫ್ರೇಮ್‌ನಲ್ಲಿ ಅದು ತನ್ನ ಸ್ಥಾನಕ್ಕೆ ಬಂದು ಪೂರ್ತಿ ಕಾಣುವಂತೆ ಎರಡನೆಯ ಕೀಫ್ರೇಮ್ ಹಾಕಿ. ಎರಡನೆಯ ಅಕ್ಷರ ಇದೇ ಚಲನೆಯನ್ನು 5 ಫ್ರೇಮ್ ತಡವಾಗಿ, ಮೂರನೆಯದು 10 ಫ್ರೇಮ್ ತಡವಾಗಿ ಆರಂಭಿಸಲಿ. ಆಗ ಕೊನೆಯ ಅಕ್ಷರ 24ನೇ ಫ್ರೇಮ್‌ಗೆ ನೆಲೆಗೊಳ್ಳುತ್ತದೆ. ಇಷ್ಟನ್ನೇ ಮಾಡಿದರೆ ಚಲನೆ ಯಂತ್ರದಂತೆ ಕಾಣುತ್ತದೆ, ಏಕೆಂದರೆ ಎರಡು ಕೀಫ್ರೇಮ್‌ಗಳ ನಡುವೆ ವೇಗ ಒಂದೇ ಸಮ ಇರುತ್ತದೆ. ಎರಡನೆಯ ಕೀಫ್ರೇಮ್‌ಗೆ ವೇಗ ಇಳಿಸುವ ವಕ್ರರೇಖೆಯನ್ನು ಕೊಡಿ. ದೋಣಿ ದಡ ಮುಟ್ಟುವಾಗ ನಿಧಾನಿಸುವಂತೆ ಅಕ್ಷರವೂ ತನ್ನ ಜಾಗ ತಲುಪುವಾಗ ನಿಧಾನಿಸಬೇಕು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕೀಫ್ರೇಮ್ ಆರಿಸಿ ಎಫ್9 ಒತ್ತಿದರೆ ಇದರ ಸಾಧಾರಣ ರೂಪ ಸಿಗುತ್ತದೆ.

ಅಕ್ಷರ ಚಿಕ್ಕದರಿಂದ ದೊಡ್ಡದಾಗಿ ಬರಬೇಕೆಂದರೆ ಒಂದು ಎಚ್ಚರ ಬೇಕು. ನಮ್ಮ ಚಿತ್ರಗಳು ಪೂರ್ಣ ಚೌಕಟ್ಟಿನ ಅಳತೆಯವು ಆದ್ದರಿಂದ ಹಿಗ್ಗುವಿಕೆಯ ಕೇಂದ್ರಬಿಂದು ಪರದೆಯ ನಡುವೆ ಇರುತ್ತದೆ. ಅದನ್ನು ಆಯಾ ಅಕ್ಷರದ ನಡುವಿಗೆ ಸರಿಸದಿದ್ದರೆ ಅಕ್ಷರ ಹಿಗ್ಗುತ್ತಾ ಪಕ್ಕಕ್ಕೂ ಸರಿಯುತ್ತದೆ.

ನಮ್ಮ ಚಿತ್ರಕ್ಕೆ ಇದಕ್ಕಿಂತ ಅರ್ಥಪೂರ್ಣವಾದ ಚಲನೆಯೊಂದು ಕಥೆಯಲ್ಲಿಯೇ ಇದೆ. ಶೆಟ್ಟಿಹಳ್ಳಿಯ ಚರ್ಚ್ ನೀರಿನಿಂದ ಹೊರಬರುವಾಗ ಕಟ್ಟಡ ಮೇಲೇಳುವುದಿಲ್ಲ. ಅದು ನಿಂತಲ್ಲೇ ಇರುತ್ತದೆ, ನೀರು ಇಳಿಯುತ್ತದೆ. ಮೊದಲು ಗೋಡೆಯ ನೆತ್ತಿ, ಆಮೇಲೆ ಕಮಾನು, ಕೊನೆಗೆ ಬುಡ ಕಾಣುತ್ತದೆ. ಹೆಸರನ್ನೂ ಹಾಗೆಯೇ ತೋರಿಸಬಹುದು. ಇಡೀ ಹೆಸರಿನ ಒಂದೇ ಚಿತ್ರವನ್ನು ತೆಗೆದುಕೊಂಡು, ರಿಸಾಲ್ವ್‌ನ ಇನ್ಸ್‌ಪೆಕ್ಟರ್‌ನಲ್ಲಿರುವ ಕ್ರಾಪಿಂಗ್ ವಿಭಾಗದಲ್ಲಿ ಕೆಳಗಿನಿಂದ ಕತ್ತರಿಸುವ ಅಳತೆಗೆ ಕೀಫ್ರೇಮ್ ಹಾಕಿ. ಹೆಸರಿನ ನೆತ್ತಿ ಪರದೆಯ ಮೇಲಂಚಿನಿಂದ 420 ಪಿಕ್ಸೆಲ್ ಕೆಳಗೆ, ಒತ್ತಿನ ಬುಡ 680 ಪಿಕ್ಸೆಲ್ ಕೆಳಗೆ ಇದ್ದರೆ, ಕತ್ತರಿಸುವ ಅಳತೆ 660ರಿಂದ ಆರಂಭವಾಗಿ 400ಕ್ಕೆ ಇಳಿಯಬೇಕು. ಅಲ್ಲಿಯೇ ಇರುವ ಸಾಫ್ಟ್‌ನೆಸ್ ಅನ್ನು ಸ್ವಲ್ಪ ಹೆಚ್ಚಿಸಿದರೆ ಅಂಚು ಕತ್ತರಿಯಿಂದ ಕತ್ತರಿಸಿದಂತೆ ಕಾಣದೆ ನೀರಿನ ಮೇಲ್ಮೈಯಂತೆ ಮೃದುವಾಗುತ್ತದೆ. ಆ ಮೃದು ಅಂಚು ಒತ್ತಿನ ಬುಡವನ್ನು ಮಸುಕಾಗಿಸಿದರೆ ಕೊನೆಯ ಅಳತೆಯನ್ನು ಇನ್ನಷ್ಟು ಇಳಿಸಿ. ಈ ಚಲನೆಗೆ 24 ಫ್ರೇಮ್ ಸಾಲದು, 36 ಕೊಡಿ. ಒಟ್ಟು ಅವಧಿ ನಾಲ್ಕೂವರೆ ಸೆಕೆಂಡು ಆಗುತ್ತದೆ.

ಕನ್ನಡ ಲಿಪಿಯ ಸ್ವಭಾವ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ನಮ್ಮ ವ್ಯಂಜನಗಳ ನೆತ್ತಿಯಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ತಲೆಕಟ್ಟೋ ಅದರ ಜಾಗದಲ್ಲಿ ಗುಡಿಸೋ ಇರುತ್ತದೆ. ಅಕ್ಷರ ಯಾವುದೆಂಬ ಗುರುತು ಅದರ ಒಡಲಿನಲ್ಲಿ, ಕೆಲವೊಮ್ಮೆ ಒತ್ತಿನಲ್ಲಿ ಇರುತ್ತದೆ. ಆದ್ದರಿಂದ ಮೇಲಿನಿಂದ ಕೆಳಕ್ಕೆ ತೆರೆದಾಗ ಮೊದಲು ಬರೀ ಗುಡಿಸು, ದೀರ್ಘ, ತಲೆಕಟ್ಟು ಕಾಣುತ್ತವೆ. ಏನೋ ಬರಹವಿದೆ ಎಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಒಡಲು ಕಂಡಾಗ ಪದ ಮೂಡುತ್ತದೆ, ಕೊನೆಗೆ ನ ಒತ್ತು ಬಂದಾಗ ಪೂರ್ಣವಾಗುತ್ತದೆ. ಕೆಳಗಿನಿಂದ ಮೇಲಕ್ಕೆ ತೆರೆದರೆ ಈ ಕುತೂಹಲ ಬೇಗ ಮುಗಿದುಹೋಗುತ್ತದೆ. ನಿಮ್ಮ ಚಿತ್ರದ ಕಥೆ ಬೇರೆಯಾಗಿರಬಹುದು. ಕಾಫಿ ತೋಟದ ಕಥೆಯಾದರೆ ಮಂಜು ಸರಿದಂತೆ ಎಡದಿಂದ ಬಲಕ್ಕೆ ಹೆಸರು ತಿಳಿಯಾಗಬಹುದು, ರೈಲಿನ ಕಥೆಯಾದರೆ ಕಿಟಕಿಯ ಬೆಳಕು ಹಾಯುವಂತೆ ಅಕ್ಷರಗಳ ಮೇಲೆ ಬೆಳಕಿನ ಪಟ್ಟಿ ಸರಿಯಬಹುದು. ಕಥೆಯಲ್ಲಿ ಏನು ಚಲಿಸುತ್ತದೆಯೋ ಅದರ ದಿಕ್ಕನ್ನೂ ವೇಗವನ್ನೂ ಹೆಸರಿಗೆ ಕೊಡಿ.

ಮುಖ್ಯ ಹೆಸರಿಗೆ ಒಂದು ಚಲನೆ, ಉಳಿದೆಲ್ಲ ಬರಹಕ್ಕೆ ಇನ್ನೊಂದು ಶಾಂತವಾದ ಚಲನೆ ಸಾಕು. ಸುಳಿವಿನ ಸಾಲುಗಳಲ್ಲಿ ಪದವನ್ನೇ ಘಟಕವಾಗಿಟ್ಟುಕೊಂಡು, ಪದಪದವಾಗಿ 8 ಫ್ರೇಮ್‌ಗಳಲ್ಲಿ ಮೂಡಿಸಿ. ತಂಡದವರ ಹೆಸರುಗಳು ಸುಮ್ಮನೆ ಮೂಡಿ ಮರೆಯಾಗಲಿ. ಅವು ತಿರುಗುವುದೂ ಉರಿಯುವುದೂ ಬೇಡ. ಈ ಹಂತದಲ್ಲಿ ವಿದ್ಯಾರ್ಥಿಗಳು ಇನ್ನಷ್ಟು ಸೇರಿಸೋಣ ಎನ್ನುತ್ತಾರೆ, ನಾನು ತೆಗೆಯೋಣ ಎನ್ನುತ್ತೇನೆ.

ಹಿನ್ನೆಲೆ ಮತ್ತು ಧ್ವನಿ

ಮಲೆನಾಡಿನ ದೃಶ್ಯಗಳ ಮೇಲೆ ಬಿಳಿಯ ಅಕ್ಷರ ಹಾಕುವಾಗ ಮಂಜು ನಿಮ್ಮ ಶತ್ರು. ಕ್ಯಾಮೆರಾದಲ್ಲಿ ಮಂಜು ಬೂದು ಬಿಳಿಯಾಗಿ ದಾಖಲಾಗಿರುತ್ತದೆ, ಬಿಳಿಯ ಅಕ್ಷರ ಅದರಲ್ಲಿ ಕಾಣೆಯಾಗುತ್ತದೆ. ಅಕ್ಷರದ ಸುತ್ತ ಕಪ್ಪು ಗೆರೆ ಎಳೆಯುವುದು ಸುಲಭದ ಪರಿಹಾರವೆನಿಸಿದರೂ ಒತ್ತಕ್ಷರಗಳ ಕಿರಿದಾದ ಸಂದುಗಳನ್ನು ಆ ಗೆರೆ ಮುಚ್ಚಿಹಾಕುತ್ತದೆ. ಅದರ ಬದಲು ಟೈಟಲ್ ಬರುವ ಅಷ್ಟು ಹೊತ್ತು ಹಿನ್ನೆಲೆಯ ದೃಶ್ಯವನ್ನೇ ತುಸು ಕತ್ತಲಾಗಿಸಿ, ಅಥವಾ ಅಕ್ಷರದ ಹಿಂದೆ ಅಗಲವಾಗಿ ಹರಡಿದ, ಕಂಡೂ ಕಾಣದಂತಹ ನೆರಳನ್ನು ಇಡಿ. ಚಿಕ್ಕ ಬರಹದ ಗಾತ್ರ 1080ರ ಎತ್ತರದಲ್ಲಿ 54 ಪಿಕ್ಸೆಲ್‌ಗಿಂತ ಕಡಿಮೆಯಾಗದಿರಲಿ, ಮೊಬೈಲ್‌ನಲ್ಲಿ ನೋಡುವವರೇ ಹೆಚ್ಚು. ಬೇಲೂರು, ಹಳೇಬೀಡಿನ ದೇವಾಲಯಗಳ ಶಿಲ್ಪವನ್ನು ಹಿನ್ನೆಲೆಯಾಗಿ ಚಿತ್ರಿಸುವ ಆಸೆಯಿದ್ದರೆ, ಅವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳೆಂಬುದನ್ನು ನೆನಪಿಟ್ಟು ಚಿತ್ರೀಕರಣದ ಅನುಮತಿಯನ್ನು ಮೊದಲೇ ಪಡೆಯಿರಿ.

ಧ್ವನಿಗೆ ಸಿದ್ಧ ಅಬ್ಬರದ ಸದ್ದುಗಳನ್ನು ಹುಡುಕಬೇಡಿ. ಹಿನ್ನೀರಿನ ದಡದಲ್ಲಿ ಅಲೆ ಕಲ್ಲಿಗೆ ತಾಗುವ ಸದ್ದನ್ನು ನೀವೇ ದಾಖಲಿಸಿಕೊಂಡು ಬಂದರೆ ಅದಕ್ಕೆ ಯಾರ ಪರವಾನಗಿಯೂ ಬೇಡ. ಸದ್ದಿನ ಅತಿ ಜೋರಾದ ಕ್ಷಣ ಅಕ್ಷರ ನೆಲೆಗೊಳ್ಳುವ ಫ್ರೇಮ್‌ಗೆ ಸರಿಯಾಗಿ ಬರಲಿ.

ರೆಂಡರ್ ಮಾಡುವುದು

ಟೈಟಲ್‌ಗಳನ್ನು ಟ್ರೇಲರ್‌ನ ಟೈಮ್‌ಲೈನ್‌ನಲ್ಲಿಯೇ ಮಾಡಿದ್ದರೆ ಪ್ರತ್ಯೇಕ ರೆಂಡರ್ ಬೇಕಾಗಿಲ್ಲ. ಒಬ್ಬರು ಟೈಟಲ್, ಇನ್ನೊಬ್ಬರು ಸಂಕಲನ ಮಾಡುತ್ತಿದ್ದರೆ ಟೈಟಲ್‌ಗಳನ್ನು ಪಾರದರ್ಶಕತೆ ಉಳಿಯುವ ರೂಪದಲ್ಲಿ ಕೊಡಬೇಕು. ಸಾಮಾನ್ಯ ವಿಡಿಯೋಗಳಿಗೆ ಬಳಸುವ ಎಚ್.264 ಎಂಬ ರೂಪದಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ, ಅಕ್ಷರಗಳ ಹಿಂದೆ ಕಪ್ಪು ಹಲಗೆ ಬರುತ್ತದೆ. ಪ್ರೋರೆಸ್ 4444 ಎಂಬ ವಿಡಿಯೋ ರೂಪ ಅಥವಾ ಪ್ರತಿ ಫ್ರೇಮ್‌ಗೂ ಒಂದರಂತೆ ಪಿಎನ್‌ಜಿ ಚಿತ್ರಗಳ ಸಾಲು ಸೂಕ್ತ. ಸಾಧಾರಣ ಕಂಪ್ಯೂಟರ್‌ಗಳಿಗೆ ಎರಡನೆಯದನ್ನೇ ನಾನು ಸೂಚಿಸುತ್ತೇನೆ. ವಿದ್ಯುತ್ ಹೋಗಿ ರೆಂಡರ್ ನಿಂತರೂ ಆವರೆಗಿನ ಫ್ರೇಮ್‌ಗಳು ಉಳಿದಿರುತ್ತವೆ, ಉಳಿದವನ್ನು ಮುಂದುವರಿಸಬಹುದು. ಅಕ್ಷರಗಳ ಅಂಚಿನಲ್ಲಿ ಕಪ್ಪು ಕೂದಲೆಳೆಯಂತಹ ಗೆರೆ ಕಂಡರೆ ಪಾರದರ್ಶಕತೆಯನ್ನು ಓದುವ ಕ್ರಮ ಹೊಂದಿಲ್ಲವೆಂದು ತಿಳಿದು, ಆಮದು ಮಾಡುವಾಗ 'ಸ್ಟ್ರೇಟ್' ಮತ್ತು 'ಪ್ರೀಮಲ್ಟಿಪ್ಲೈಡ್' ಎಂಬ ಎರಡು ಆಯ್ಕೆಗಳಲ್ಲಿ ಇನ್ನೊಂದನ್ನು ಪ್ರಯತ್ನಿಸಿ.

ಮೊಬೈಲ್‌ನಲ್ಲಿ ಉದ್ದುದ್ದವಾಗಿ ನೋಡುವವರಿಗಾಗಿ 1080 ಅಗಲ, 1920 ಎತ್ತರದ ಪ್ರತಿಯೂ ಬೇಕಾಗಬಹುದು. ಅಡ್ಡ ಚೌಕಟ್ಟಿನ ಟೈಟಲ್ ಅನ್ನೇ ಕತ್ತರಿಸಿದರೆ ಮೊದಲ ಮತ್ತು ಕೊನೆಯ ಅಕ್ಷರಗಳು ಹೊರಗುಳಿಯುತ್ತವೆ. ಗುಂಪು ಮಾಡಿದ ಅಕ್ಷರಗಳು ಇಂಕ್‌ಸ್ಕೇಪ್ ಕಡತದಲ್ಲಿ ಇರುವುದರಿಂದ ಹೊಸ ಪುಟದಲ್ಲಿ ಮತ್ತೆ ಜೋಡಿಸಲು ಹೆಚ್ಚು ಹೊತ್ತು ಬೇಡ. ಸಾಲು ಮುರಿಯಬೇಕಾದರೆ ಪದಗಳ ನಡುವೆ ಮುರಿಯಿರಿ, ಪದದ ಒಳಗೆ ಮುರಿಯಬೇಡಿ.

ಪ್ರದರ್ಶನಕ್ಕೆ ಕನಿಷ್ಠ ಎರಡು ದಿನ ಇರುವಾಗಲೇ ಸಿದ್ಧವಾದ ಟ್ರೇಲರ್ ಅನ್ನು ವಿಡಿಯೋ ಕಡತವಾಗಿ ಸಭಾಂಗಣಕ್ಕೆ ಒಯ್ಯಿರಿ. ಅಲ್ಲಿನ ಕಂಪ್ಯೂಟರ್‌ನಲ್ಲಿ, ಅಲ್ಲಿನ ಪ್ರೊಜೆಕ್ಟರ್‌ನಲ್ಲಿ, ಕಾರ್ಯಕ್ರಮ ನಡೆಯುವ ಹೊತ್ತಿನಲ್ಲಿ ಕಿಟಕಿಗಳಿಂದ ಎಷ್ಟು ಬೆಳಕು ಬರುತ್ತದೆಯೋ ಅಷ್ಟೇ ಬೆಳಕಿನಲ್ಲಿ ಹಾಕಿಸಿ, ತಂಡದ ಒಬ್ಬರು ಕೊನೆಯ ಸಾಲಿನ ಬೆಂಚಿನಲ್ಲಿ ಕುಳಿತು ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಒಪ್ಪಿಗೆ ಪಡೆದ ಆ ಮೊದಲ ಹಾಳೆಯನ್ನು ಕೈಯಲ್ಲಿ ಹಿಡಿದು ಹೋಲಿಸಲಿ. ಓದುವವರು ತಡವರಿಸಿದ ಕಡೆಗಳನ್ನು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಅಲ್ಲಿ ಒತ್ತಕ್ಷರ ಕಾಣದಿದ್ದರೆ ಫಾಂಟ್‌ನ ತೂಕ ಹೆಚ್ಚಿಸಬೇಕು, ಓದಿ ಮುಗಿಯುವ ಮೊದಲೇ ಮರೆಯಾಗಿದ್ದರೆ 12 ಫ್ರೇಮ್ ಸೇರಿಸಬೇಕು, ಅಂಚು ಕತ್ತರಿಸಿಹೋಗಿದ್ದರೆ ಒಳಕ್ಕೆ ಸರಿಸಬೇಕು. ತಿದ್ದಿದ ಪ್ರತಿಯ ಜೊತೆಗೆ ಫಾಂಟ್ ಕಡತ, ಪಠ್ಯವಿರುವ ಮತ್ತು ಬಿಡಿಸಿದ ಎರಡೂ ಇಂಕ್‌ಸ್ಕೇಪ್ ಕಡತಗಳು ಹಾಗೂ ಪಿಎನ್‌ಜಿ ಚಿತ್ರಗಳನ್ನು ಒಂದೇ ಫೋಲ್ಡರ್‌ನಲ್ಲಿ ಹಾಕಿ ಎರಡು ಕಡೆ ಉಳಿಸಿ. ಪೂರ್ಣ ಚಿತ್ರದ ಆರಂಭದ ಟೈಟಲ್‌ಗೂ ಪೋಸ್ಟರ್‌ಗೂ ಇದೇ ಅಕ್ಷರಗಳು ಬೇಕಾಗುತ್ತವೆ.